ನಿಂತ ಓಟ ಲೆಕ್ಕಕ್ಕಿಲ್ಲ

ಅಕ್ಕಾ,

ಇದನ್ನು ಕಂಡ ಕೂಡಲೇ ನೀನು ನಗುತ್ತೀಯ, ಗೊತ್ತು. ಕೈ ಚಾಚಿದರೆ ನಿನ್ನ ಜಡೆ ಸಿಗುವಷ್ಟು ಹತ್ತಿರ ಮಲಗುವವಳು ಪತ್ರ ಬರೆದಿದ್ದಾಳೆ. "ಬಾಯಿಗೇನು ಬೀಗ ಹಾಕ್ಕೊಂಡಿದೀಯೇನೇ?" ಅನ್ನುತ್ತೀಯ. ಬಾಯಿಬಿಟ್ಟು ಹೇಳಲು ಹೋಗಿದ್ದೆ ಅಕ್ಕಾ. ಹೋಗಿ ಏನಾಯಿತು ಎಂಬುದನ್ನೂ ಮುಂದೆ ಬರೆದಿದ್ದೇನೆ. ಸೋಮವಾರ ನೀನು ಹೊಸ ಪಿಕಪ್ ತರಲು ಹೊರಡುವ ಮೊದಲು ಇದನ್ನು ಪೂರ್ತಿ ಓದು. ಆಮೇಲೆ ಬೈಯಬೇಕೆನಿಸಿದರೆ ಬೈ.

ಪೆಟ್ರೋಲ್, ಡೀಸೆಲ್ ಎರಡು ಎಂಜಿನ್‌ಗಳಲ್ಲಿ ನೀನು ಪೆಟ್ರೋಲನ್ನು ಆರಿಸಿದ್ದೀಯ. ಅದು ಕೆಟ್ಟದ್ದು ಎಂದು ಹೇಳುವ ಯೋಗ್ಯತೆ ನನಗಿಲ್ಲ, ನೆಟ್ಟಗೆ ಸೈಕಲ್ಲೂ ಬಾರದವಳು ನಾನು. ಆದರೆ ಆರಿಸುವಾಗ ನಾವೆಲ್ಲ ಸೇರಿ ಒಂದು ವಿಷಯವನ್ನು ಆಚೆಗಿಟ್ಟೆವು. ಅದು ನಿನಗೂ ಗೊತ್ತು. ಇಟ್ಟ ಜಾಗದಿಂದ ಅದು ನನ್ನನ್ನು ನೋಡುತ್ತಲೇ ಇದೆ.

ಶೋರೂಮಿಗೆ ಹೋದ ದಿನವನ್ನು ನೆನೆಸಿಕೋ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರೂ ಕಿವಿಯ ಹಿಂದೆ ಕಲ್ಲಿನ ಬಿಳಿ ಪುಡಿ ಹಾಗೇ ಉಳಿದಿತ್ತು. ಟೈ ಕಟ್ಟಿದ್ದ ಮಾರಾಟದವನು ಎಲ್ಲವನ್ನೂ ಅಪ್ಪನಿಗೇ ವಿವರಿಸುತ್ತಿದ್ದ. ಕಲ್ಲು ಕೊಯ್ಯುವ ಗರಗಸದ ಪಕ್ಕದಲ್ಲೇ ಆಯುಷ್ಯ ಕಳೆದ ಅಪ್ಪನ ಕಿವಿಗೆ ಅದರಲ್ಲಿ ಅರ್ಧವೂ ಬೀಳುತ್ತಿರಲಿಲ್ಲ. ಕೊನೆಗೆ ಅವನು, "ಸರ್, ಗಾಡಿ ಓಡಿಸೋರನ್ನೂ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು" ಎಂದ. "ಕರ್ಕೊಂಡೇ ಬಂದಿದಾರೆ. ಆಗ್ಲಿಂದ ನನ್ನ ಕಾಲು ತುಳ್ಕೊಂಡು ನಿಂತಿದೀರ" ಎಂದೆ ನೀನು. ಅವನ ಮುಖ ಅವನ ಟೈಗಿಂತ ಕೆಂಪಾಯಿತು.

ಅಲ್ಲಿಂದ ಮುಂದೆ ಅವನು ನಿನ್ನನ್ನು ಬಿಡಲಿಲ್ಲ. "ಮೇಡಂ, ಪೆಟ್ರೋಲಿಂದು ಇನ್ನೂರು ಹಾರ್ಸ್‌ಪವರ್. ಡೀಸೆಲ್ಲಿಂದು ನೂರೈವತ್ತು. ಐವತ್ತು ಕುದುರೆನ ಇಲ್ಲೇ ಬಿಟ್ಟು ಹೋಗ್ತೀರಾ?" ಕುದುರೆ ಎಂಬ ಮಾತು ಮಾತ್ರ ಅಪ್ಪನಿಗೆ ಕೇಳಿಸಿತು. "ಎಷ್ಟ್ ಕುದುರೆನಾದ್ರೂ ಕಟ್ಟಪ್ಪ, ಹುಲ್ಲು ಹಾಕೋನು ನಾನು ತಾನೆ" ಎಂದರು. ಇಡೀ ಶೋರೂಮಿಗೆ ಕೇಳಿಸುವಂತೆ.

ಬ್ರೋಷರ್ ನನ್ನ ಕೈಗೆ ಬಂತು. ಓದಿದವಳು ಮನೆಯಲ್ಲಿದ್ದರೆ ಇಂಥವೆಲ್ಲ ಅವಳ ಪಾಲಿಗೇ ಬರುತ್ತವಲ್ಲ. ಕಾಲೇಜಿನಲ್ಲಿ ಹತ್ತಿದ ಚಟ, ಪುಟದ ಅಡಿಯಲ್ಲಿರುವ ಸಣ್ಣಕ್ಷರವನ್ನು ಮೊದಲು ಓದುತ್ತೇನೆ. ಆ ಇನ್ನೂರು ಕುದುರೆಗಳು ಯಾವಾಗ ಬರುತ್ತವೆ ಎಂದು ಅಲ್ಲಿ ಬರೆದಿತ್ತು: ಎಂಜಿನ್ ನಿಮಿಷಕ್ಕೆ ಐದು ಸಾವಿರಕ್ಕೂ ಮೀರಿ ಸುತ್ತುವಾಗ. ಡೀಸೆಲ್‌ನ ಟಾರ್ಕ್ ಮುಂದೆ ಪೆಟ್ರೋಲಿಗಿಂತ ದೊಡ್ಡ ಅಂಕಿಯಿತ್ತು. ಅದು ಪೂರ್ತಿ ಸಿಗಲು ಒಂದೂವರೆ ಸಾವಿರ ಚಿಲ್ಲರೆ ಸುತ್ತು ಸಾಕು ಎಂದು ಅಡಿಯಲ್ಲಿತ್ತು. ನನಗೆ ತಿಳಿದಂತೆ ಹೇಳುವುದಾದರೆ, ಒಂದರ ಬಲ ಓಡತೊಡಗಿದ ಮೇಲೆ ಬರುತ್ತದೆ, ಇನ್ನೊಂದರ ಬಲ ಹೊರಡುವಾಗಲೇ ಇರುತ್ತದೆ.

ಈ ತಿಳಿವಳಿಕೆಯನ್ನು ಕೊಟ್ಟವಳೂ ನೀನೇ. ಹಳೆಯ ಪಿಕಪ್ ಪಂಕ್ಚರ್ ಆಗಿ ದಾರಿ ಬದಿಯಲ್ಲಿ ನಿಂತಿದ್ದೆವು. ತುಕ್ಕು ಹಿಡಿದ ಒಂದು ವೀಲ್ ನಟ್ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ನೀನು ಸ್ಪ್ಯಾನರಿನ ಹಿಡಿಗೆ ಉದ್ದದ ಕಬ್ಬಿಣದ ಪೈಪು ತೂರಿಸಿ ಅದರ ತುದಿಗೆ ಜೋತುಬಿದ್ದೆ. ಕಟಕ್ ಎಂದಿತು. "ನೋಡಿದ್ಯಾ? ಈ ಮೊದಲನೇ ಕಟಕ್ ಇದೆಯಲ್ಲ, ಅದು ಟಾರ್ಕು. ಆಮೇಲೆ ಉಳಿದಿದ್ದನ್ನೆಲ್ಲ ಎಷ್ಟು ಬೇಗ ಬಿಚ್ತೀಯ, ಅದು ಹಾರ್ಸ್‌ಪವರ್. ನಿಮ್ ಕಾಲೇಜಲ್ಲಿ ಇದೆಲ್ಲ ಹೇಳ್ಕೊಡಲ್ವಾ?" ಇಲ್ಲ, ನಮಗೆ ಕಾವ್ಯದ ವಿರಹ ಹೇಳಿಕೊಟ್ಟಿದ್ದಾರೆ ಎಂದೆ ನಾನು. "ವಿರಹಕ್ಕೆ ಯಾವ ಸೈಜಿನ ಸ್ಪ್ಯಾನರ್ ಹಾಕ್ತಾರೋ!" ಎಂದು ನೀನು ನಕ್ಕೆ. ಗ್ರೀಸ್ ಮೆತ್ತಿದ ಬೆರಳಿನಿಂದ ನನ್ನ ಮೂಗಿನ ಮೇಲೆ ಬೊಟ್ಟಿಟ್ಟೆ.

ಇಷ್ಟು ಗೊತ್ತಿದ್ದವಳು ಪೆಟ್ರೋಲ್ ಗಾಡಿಯನ್ನು ಯಾಕೆ ಬಯಸಿದೆ ಎಂಬುದೂ ನನಗೆ ಗೊತ್ತು. ಆ ಏರು. ಮತ್ತು ಆ ಹೆಸರು.

ಗಣಿಯಿಂದ ನಮ್ಮ ಕಲ್ಲು ಕೊಯ್ಯುವ ಶೆಡ್‌ಗೆ ನೀನು ಚಪ್ಪಡಿ ಹೇರಿಕೊಂಡು ಬರುವ ಏರನ್ನು ನಾನು ಚಿಕ್ಕಂದಿನಿಂದ ನೋಡುತ್ತಾ ಬಂದಿದ್ದೇನೆ. ನೋಡಿದಷ್ಟೂ ಅದರ ಮೇಲಿನ ನಂಬಿಕೆ ಕಡಿಮೆಯಾಗಿದೆ. ಒಂದು ಕಡೆ ಕಡಿದ ಬಂಡೆ, ಇನ್ನೊಂದು ಕಡೆ ಅಂಚಿಗೆ ನೆಟ್ಟ ಗಿಡ್ಡ ಕಲ್ಲುಗಳು. ಅಲ್ಲಲ್ಲಿ ಹಲ್ಲು ಬಿದ್ದಂತೆ ಖಾಲಿ. ಆ ಖಾಲಿ ಜಾಗ ಹೇಗಾಯಿತು ಎಂದು ಯಾರೂ ಮಾತಾಡುವುದಿಲ್ಲ. ಕೆಳಗೆ ಹಳೆಯ ಗುಂಡಿಯ ಹಸಿರು ನೀರು. ಗಾಳಿ ಬೀಸಿದರೂ ಅದು ಅಲುಗುವುದನ್ನು ನಾನು ಕಂಡಿಲ್ಲ. ಗಣಿಯ ಕಾವಲುಗಾರನ ಗುಡಿಸಲಿನ ಬಾಗಿಲು ಯಾವುದೋ ಗಾಡಿಯ ಬಾಗಿಲು, ಕಿಟಕಿ ಇಳಿಸುವ ಹಿಡಿಕೆಯೂ ಅದರಲ್ಲಿದೆ. ಒಮ್ಮೆ ಅದು ಯಾರ ಗಾಡಿಯದೆಂದು ಕೇಳಿದ್ದೆ. "ಗಾಳಿ ತಡೆಯುತ್ತೆ, ಸಾಕಲ್ವಾಮ್ಮ" ಎಂದ.

ಆ ಏರಿಗೊಂದು ಕಟ್ಟಳೆ. ಭಾರ ಹೊತ್ತು ಏರುವ ಗಾಡಿ ನಡುವೆ ನಿಲ್ಲುವಂತಿಲ್ಲ. ಹೊರಡುವ ಮುನ್ನ ಕೆಳಗಿನಿಂದ ಉದ್ದಕ್ಕೆ ಹಾರ್ನ್ ಮಾಡಬೇಕು. ಕೇಳಿದ ಕೂಡಲೇ ಇಳಿಯುವ ಖಾಲಿ ಗಾಡಿಗಳೆಲ್ಲ ಮೇಲೆ ನೀರಿನ ಟ್ಯಾಂಕಿನ ಬಳಿ ಕಾಯಬೇಕು. "ಏರಲ್ಲಿ ನಿಂತೋನು ಹಿಂದೆ ಬಂದ" ಎಂದು ನಮ್ಮಲ್ಲಿ ಗಾಡಿ ಕಲಿಸುವಾಗಲೇ ಹೇಳಿಕೊಡುತ್ತಾರೆ. ಹಾಗಾಗಿ ಯಾರೂ ನಿಂತವರಿಲ್ಲ. ನಿಂತು ಮತ್ತೆ ಹೊರಡುವುದು ಹೇಗೆಂದು ಕಲಿತವರೂ ಇಲ್ಲ.

ನಮ್ಮ ಹಳೆಯ ಗಾಡಿ ಏರಿ ಬರುವಷ್ಟು ಹೊತ್ತೂ ಮೇಲೆ ಕಾಯುತ್ತಿದ್ದವರು ನಿನಗೆ ಆಮೆ ಎಂದು ಹೆಸರಿಟ್ಟರು. ಮೀಸೆಯಣ್ಣ, ನಮ್ಮ ಶೆಡ್‌ನ ಹಿರಿಯ ಡ್ರೈವರ್, ಹಾರ್ನ್ ಕೇಳಿದೊಡನೆ ಕೂಗುತ್ತಿದ್ದ: "ಆಮೆ ಹೊರಟಿತು, ಚಾಪೆ ಹಾಸ್ರಪ್ಪೋ!" ನೀನು ಮೇಲೆ ಬಂದು, "ಮೀಸೆ ನೆರೆಯೋಷ್ಟರಲ್ಲಿ ಬಂದೆ ನೋಡಣ್ಣ" ಎಂದು ಮರುಮಾತು ಕೊಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು, ನೀನೂ. ಮನೆಗೆ ಬಂದು ಕೈಕಾಲು ತೊಳೆಯುವಾಗ ಮಾತ್ರ ನಲ್ಲಿಯನ್ನು ಬೇಕಾದದ್ದಕ್ಕಿಂತ ಜೋರಾಗಿ ತಿರುಗಿಸುತ್ತಿದ್ದೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಏನಾದರೂ ಹೇಳಬೇಕೆನಿಸುತ್ತಿತ್ತು. ಟವೆಲ್ ಕೊಟ್ಟು ಒಳಗೆ ಹೋಗುತ್ತಿದ್ದೆ.

ಹೋದ ಭಾನುವಾರ ಗಣಿಗೆ ರಜೆ. ಶೋರೂಮಿನವರು ಎರಡೂ ಗಾಡಿ ಕಳಿಸಿದ್ದರು, ನಿಮ್ಮ ಏರಿನಲ್ಲೇ ನೋಡಿಕೊಳ್ಳಿ ಎಂದು. ಅವೇ ಚಪ್ಪಡಿಗಳನ್ನು ಒಂದರಿಂದಿಳಿಸಿ ಇನ್ನೊಂದಕ್ಕೆ ಹೇರಿ ಓಡಿಸುವುದೆಂದು ಮಾತಾಯಿತು. ಮೀಸೆಯಣ್ಣ ಮೇಲೆ ಫೋನ್ ಹಿಡಿದು ಹೊತ್ತು ಅಳೆಯಲು ನಿಂತ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. "ಬಾರೇ ಪುಸ್ತಕದ ಹುಳ, ಮನೇಲಿ ಕೂತು ಏನ್ ಕಡಿತೀಯ" ಎಂದೆ.

ಪೆಟ್ರೋಲ್ ಗಾಡಿ ಮೊದಲ ಸಲ ಏರಿದ್ದು ನಿಜಕ್ಕೂ ಹಾರಿದಂತೆಯೇ ಇತ್ತು. ಎಂಜಿನ್ ಕಿರುಚುತ್ತಿತ್ತು, ನೀನೂ ಕಿರುಚಿದೆ. ಅಷ್ಟು ಖುಷಿಯಲ್ಲಿ ನಿನ್ನನ್ನು ನೋಡಿ ಬಹಳ ದಿನವಾಗಿತ್ತು. ಡೀಸೆಲ್ ಗಾಡಿ ಗೊಣಗುವ ಮುದುಕನಂತೆ ಏರಿತು. ಏರಿನ ನಡುವಿನ ಮೋರಿ ದಾಟಿ ತಿರುವು ಬಂದಾಗ ನೀನು ಮಾತಿನ ಭರದಲ್ಲಿ ಗೇರ್ ಇಳಿಸುವುದನ್ನೇ ಮರೆತೆ. ವೇಗ ಕುಗ್ಗಿತು, ಎಂಜಿನ್ ಸದ್ದು ದಪ್ಪವಾಯಿತು, ಆದರೆ ಗಾಡಿ ಎಳೆಯುತ್ತಲೇ ಹೋಯಿತು. ನಿನಗದು ಗೊತ್ತೇ ಆಗಲಿಲ್ಲ. ಗೊತ್ತಾಗದಿದ್ದದ್ದೇ ಅದರ ಗುಣ ಎಂದು ನನಗೆ ಆಮೇಲೆ ಹೊಳೆಯಿತು. ಮೇಲೆ ಬಂದಾಗ ಮೀಸೆಯಣ್ಣ ಆಕಳಿಸಿ ತೋರಿಸಿದ.

ಆಮೇಲೆ ಪೆಟ್ರೋಲ್ ಗಾಡಿಯ ಎರಡನೇ ಓಟ. ಅದರ ಬಗ್ಗೆ ನಾವಿಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ.

ಮೋರಿಯ ಬಳಿ ಒಬ್ಬ ಮನುಷ್ಯ ಕುಕ್ಕರುಗಾಲಿನಲ್ಲಿ ಕೂತು ಕೆಂಪು ಬಣ್ಣದಿಂದ ರಸ್ತೆಯ ಮೇಲೆ ಏನೋ ಗೆರೆ ಎಳೆಯುತ್ತಿದ್ದ. ನೀನು ಬ್ರೇಕ್ ಒತ್ತಿದೆ. ಗಾಡಿ ನಿಂತಿತು. ಅವನು ಎದ್ದು ಬದಿಗೆ ಸರಿದ, ನೀನು ಮತ್ತೆ ಹೊರಡಿಸಲು ಕ್ಲಚ್ ಬಿಟ್ಟೆ. ಎಂಜಿನ್ ಒಮ್ಮೆ ಕೊಸರಿ ಆಫ್ ಆಯಿತು. ಆ ನಿಶ್ಶಬ್ದದಲ್ಲಿ ಹಿಂದೆ ಚಪ್ಪಡಿಗಳು ಒಂದರ ಮೇಲೊಂದು ಗರ್‌ರ್ ಎಂದು ಜರುಗಿದ್ದು ಕೇಳಿಸಿತು. ಕಿಟಕಿಯಲ್ಲಿ ಕಾಣುತ್ತಿದ್ದ ಬಂಡೆ ಮುಂದಕ್ಕೆ ಹೋಯಿತು. ಬಂಡೆ ಯಾಕೆ ಮುಂದೆ ಹೋಗುತ್ತಿದೆ ಎಂದು ನಾನು ಯೋಚಿಸುತ್ತಿದ್ದೆ ಅಕ್ಕಾ, ನಾವು ಹಿಂದೆ ಹೋಗುತ್ತಿದ್ದೇವೆ ಎಂದು ತಿಳಿಯುವುದಕ್ಕೂ ಮೊದಲು. ನೀನು ಬ್ರೇಕಿನ ಮೇಲೆ ನಿಂತೇಬಿಟ್ಟೆ. ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದೆ. ನಿಂತಿತು. ಬಣ್ಣದವನು ಡಬ್ಬಿ ಬಿಸಾಕಿ ಮೋರಿಯ ಕಟ್ಟೆ ಏರಿ ನಿಂತಿದ್ದ.

ಮತ್ತೆ ಹೊರಡಿಸಲು ಎಂಜಿನ್ನನ್ನು ಕಿರುಚಿಸಿ ಕಿರುಚಿಸಿ ಅರ್ಧ ಕ್ಲಚ್‌ನಲ್ಲೇ ಎಳೆಸಬೇಕಾಯಿತು. ಕ್ಯಾಬಿನ್ ತುಂಬ ಸುಟ್ಟ ವಾಸನೆ. ತಿರುವು ದಾಟಿದ ಮೇಲೆ ನೀನು ನಕ್ಕು, "ಕುದುರೆ ಸ್ವಲ್ಪ ಬೆಚ್ಚಿತು ಅಷ್ಟೇ" ಎಂದೆ. ಸ್ವಲ್ಪ ದೂರ ಹೋದ ಮೇಲೆ, ನಗದೆ, "ಅಮ್ಮಂಗೆ ಹೇಳ್ಬೇಡ" ಎಂದೆ. ನಿನ್ನ ಎಡಗೈ ಇನ್ನೂ ಹ್ಯಾಂಡ್‌ಬ್ರೇಕಿನ ಮೇಲೇ ಇತ್ತು. ನಾನು ಕಿಟಕಿಯ ಕಡೆ ತಿರುಗಿದೆ, ನೋಡಲಿಲ್ಲ ಎಂದು ನಿನಗನಿಸಲಿ ಎಂದು.

ಮೇಲೆ ಮೀಸೆಯಣ್ಣ, "ಏನಮ್ಮಾ, ಮಧ್ಯದಲ್ಲಿ ನಿದ್ದೆ ಹೊಡೆದ್ಯಾ?" ಎಂದ. "ಯಾರೋ ಅಡ್ಡ ಕೂತಿದ್ದ, ನಿಲ್ಲಿಸ್ಬೇಕಾಯ್ತು." "ಹಂಗಾದ್ರೆ ಅದನ್ನ ಬಿಡು. ನಿಂತ ಓಟ ಲೆಕ್ಕಕ್ಕಿಲ್ಲ" ಎಂದು ಫೋನಿನಲ್ಲಿದ್ದದ್ದನ್ನು ಅಳಿಸಿಹಾಕಿದ. ನೀನು ತಲೆಯಾಡಿಸಿದೆ. ಮೂರನೇ ಸಲ ಓಡಿಸಿದೆ, ಗೆದ್ದೆ. ಏರಿನ ಕಟ್ಟಳೆಯ ಪ್ರಕಾರ ಅದು ಸರಿಯಾದ ಲೆಕ್ಕವೇ. ಆದರೆ ಆ ದಿನದ ಓಟಗಳಲ್ಲಿ ನಮಗೆ ಏನನ್ನಾದರೂ ಹೇಳಿದ್ದು ಅದೊಂದೇ ಅಕ್ಕಾ. ಅದನ್ನೇ ಅಳಿಸಿದೆವು.

ಆ ಕೆಂಪು ಗೆರೆ ಯಾತಕ್ಕೆ ಎಂಬುದು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ಎರಡು ದಿನದ ನಂತರ ಒಬ್ಬಳೇ ನಡೆದುಕೊಂಡು ಮೋರಿಯವರೆಗೆ ಹೋದೆ. ಗೆರೆ ರಸ್ತೆಯ ಅರ್ಧದವರೆಗೆ ಬಂದು ನಿಂತಿತ್ತು. ಬದಿಯ ಹುಲ್ಲಿನಲ್ಲಿ ಕೋಲಿಗೆ ಹೊಡೆದ ಒಂದು ದುಂಡು ಹಲಗೆ ಬೋರಲು ಬಿದ್ದಿತ್ತು. ಮಗುಚಿ ನೋಡಿದೆ. ಹೊಸ ಬಣ್ಣ, ಇನ್ನೂ ಕೈಗೆ ಅಂಟುತ್ತಿತ್ತು. "ನಿಲ್ಲಿ" ಎಂದಿತ್ತು.

ಮರುದಿನ ರಸ್ತೆ ಕೆಲಸದ ಮೇಸ್ತ್ರಿ ಕುಡಿಯುವ ನೀರು ಕೇಳಿಕೊಂಡು ನಾನು ಕೂರುವ ಶೆಡ್‌ನ ಆಫೀಸಿಗೆ ಬಂದ. ಮೋರಿಯ ಅಡಿ ಟೊಳ್ಳಾಗಿದೆಯಂತೆ. ಅರ್ಧ ರಸ್ತೆ ಅಗೆದು ಕಟ್ಟುತ್ತಾರಂತೆ, ಸೋಮವಾರದಿಂದ. ಉಳಿದರ್ಧದಲ್ಲಿ ಸಲಕ್ಕೆ ಒಂದೇ ಗಾಡಿ, ಹಲಗೆ ಹಿಡಿದವನು ಬಿಟ್ಟಾಗ. ಅಪರಿಚಿತರನ್ನು ಪ್ರಶ್ನೆ ಕೇಳುವವಳಲ್ಲ ನಾನು, ನಿನಗೆ ಗೊತ್ತು. ಕೇಳಿದೆ: ಭಾರದ ಗಾಡಿಯನ್ನೂ ನಿಲ್ಲಿಸುತ್ತೀರಾ? ಅವನು ಲೋಟ ಕೆಳಗಿಟ್ಟು, "ನಮ್ಮ ಬೋರ್ಡಿಗೆ ಭಾರ ಹಗುರ ಗೊತ್ತಾಗಲ್ಲಮ್ಮ" ಎಂದ. ಇಲ್ಲಿಯ ಕಟ್ಟಳೆಯ ಬಗ್ಗೆ ಹೇಳಿದೆ. ಪಾಪ, ಪೂರ್ತಿ ಕೇಳಿಸಿಕೊಂಡ. "ಮೋರಿ ಮುಗಿಯೋ ತನಕ ಸುಧಾರಿಸ್ಕೊಳ್ಳಿ" ಎಂದು ಹೋದ. ಯಾವಾಗ ಮುಗಿಯುತ್ತದೆ ಎಂದು ಅವನಿಗೂ ಗೊತ್ತಿಲ್ಲ.

ಅಂದು ಊಟದ ಹೊತ್ತಿಗೆ ಇದನ್ನು ಹೇಳಿದೆನಲ್ಲ. "ಒಂದೆರಡು ವಾರ ತಾನೆ, ನಿಭಾಯಿಸ್ತೀನಿ ಬಿಡೇ" ಎಂದೆ ನೀನು. ಅಮ್ಮ, "ಏನನ್ನ ನಿಭಾಯಿಸೋದು?" ಎಂದು ಕೇಳಿದಾಗ ನೀನು ನನ್ನ ಕಡೆ ನೋಡಿದ ನೋಟಕ್ಕೆ ನಾನು ತಟ್ಟೆಗೆ ಮುಖ ಹಾಕಿದೆ.

ನಿಭಾಯಿಸುತ್ತೀಯ. ಮೊದಲ ದಿನ ಖಂಡಿತ ನಿಭಾಯಿಸುತ್ತೀಯ. ಪ್ರತಿ ಟ್ರಿಪ್ಪಿಗೂ ಮೋರಿಯ ಬಳಿ ನಿಂತು, ಎಂಜಿನ್ ಕಿರುಚಿಸಿ, ಅರ್ಧ ಕ್ಲಚ್‌ನಲ್ಲಿ ಎಳೆಸಿ ಮೇಲೆ ಬರುತ್ತೀಯ. ಆದರೆ ಕ್ಲಚ್ ಸುಡುವ ವಾಸನೆ ಬಂದಾಗಲೆಲ್ಲ ಅದರ ಆಯಸ್ಸು ತೆಗೆದ ಹಾಗೆ ಎಂದು ಹಳೆಯ ಗಾಡಿಯಲ್ಲಿ ನನಗೆ ಹೇಳಿದವಳು ನೀನು. ಯಾವುದೋ ಒಂದು ದಿನ, ಯಾವ ದಿನವೆಂದು ತಿಳಿಸದೆ, ಅದು ಹಿಡಿಯುವುದಿಲ್ಲ. ಎಂಜಿನ್ ಇನ್ನೂರು ಕುದುರೆಯ ಸದ್ದು ಮಾಡುತ್ತಿರುತ್ತದೆ, ಚಕ್ರಕ್ಕೆ ಒಂದೂ ತಲುಪುವುದಿಲ್ಲ. ಹ್ಯಾಂಡ್‌ಬ್ರೇಕ್ ಅಷ್ಟು ಭಾರವನ್ನು ಎಷ್ಟು ಹೊತ್ತು ಹಿಡಿದೀತು? ಹಿಂದೆ ಇಳಿಜಾರಿದೆ. ಅರ್ಧ ರಸ್ತೆ ಅಗೆದಿರುತ್ತದೆ. ಉಳಿದರ್ಧ ಅಂಚಿನ ಕಡೆಯದು.

ನಿನಗೆ ಕೊಟ್ಟ ಮಾತನ್ನು ನಿನ್ನೆ ಮುರಿದೆ. ಅಮ್ಮನಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಿದೆ. ಶೆಡ್‌ನಲ್ಲಿ ಅಪ್ಪ ಗರಗಸದ ಮುಂದೆ ನಿಂತಿದ್ದರು. ಅವರ ಕಿವಿಯ ಹತ್ತಿರ ಬಾಗಿ, ಭಾನುವಾರ ಗಾಡಿ ಹಿಂದಕ್ಕೆ ಜಾರಿತು ಎಂದೆ. "ಆಂ?" ಮತ್ತೆ ಹೇಳಿದೆ. "ಯಾರು ಜಾರಿದ್ರು?" ಆಗ ಯಾರೋ, ಇವಳೇನೋ ಹೇಳಬೇಕಂತೆ ಎಂದು ಗರಗಸವನ್ನೇ ನಿಲ್ಲಿಸಿಬಿಟ್ಟರು. ಶೆಡ್ ಪೂರ್ತಿ ತಣ್ಣಗಾಯಿತು. ಕೆಲಸದವರೆಲ್ಲ ತಿರುಗಿ ನೋಡುತ್ತಿದ್ದರು. ನಾನು ಜೀವಮಾನದಲ್ಲಿ ಮೊದಲ ಸಲ ಕೂಗಿದೆ: "ಅಪ್ಪಾ, ಏರಲ್ಲಿ ನಿಂತಾಗ ಎಂಜಿನ್ ಆಫ್ ಆಯ್ತು! ನಾವು ಹಿಂದೆ ಹೋದ್ವಿ! ಸಾಯ್ತಿದ್ವಿ!"

ಅಪ್ಪ, "ಎಷ್ಟು ಹೋಯ್ತು?" ಎಂದರು. ಕೈಯಗಲಿಸಿ ತೋರಿಸಿದೆ. "ಇಷ್ಟೇನಾ? ಎಲ್ಲಾರ್ದೂ ಜಾರುತ್ತೆ ಮಗಾ" ಎಂದು ನನ್ನ ತಲೆ ಸವರಿದರು. ಕೂದಲಿಗೆಲ್ಲ ಬಿಳಿ ಪುಡಿ. ಮೀಸೆಯಣ್ಣ ಬಾಗಿಲಿಗೊರಗಿ, "ಅವತ್ತಿಂದು ತಾನೆ? ಅದು ಲೆಕ್ಕಕ್ಕಿಲ್ಲಮ್ಮ, ನಿಂತಿದ್ದು" ಎಂದ. ಯಾರೋ ನಕ್ಕರು. ಗರಗಸ ಮತ್ತೆ ಶುರುವಾಯಿತು. ಅವರಲ್ಲಿ ಒಬ್ಬರೂ ಕೆಟ್ಟವರಲ್ಲ ಅಕ್ಕಾ. ನಿನ್ನ ಮೇಲೆ ಎಲ್ಲರಿಗೂ ಪ್ರೀತಿ ಇದೆ. ನನಗೆ ಭಯವಾದದ್ದೇ ಅದಕ್ಕೆ. ಒಂದು ವೇಳೆ ಏನಾದರೂ ಆದರೆ ಅವರೆಲ್ಲ ಅತ್ತು, ಹೊತ್ತು, ಕೊನೆಗೆ ಹೇಳುವುದೂ ಇಷ್ಟೇ: ಏರಲ್ಲಿ ನಿಂತಿದ್ದಳು.

ಹಾಗಾಗಿ ಕೊನೆಯದಾಗಿ ನಿನ್ನನ್ನೇ ಕೇಳುತ್ತಿದ್ದೇನೆ. ಶೋರೂಮಿನವರು ನೋಡಲೆಂದು ಬಿಟ್ಟುಹೋದ ಎರಡೂ ಗಾಡಿಗಳು ಈ ಭಾನುವಾರವೂ ಇಲ್ಲೇ ಇರುತ್ತವೆ. ಅದೇ ಚಪ್ಪಡಿ ಹೇರು. ಮೋರಿಯ ಬಳಿ ಬೇಕೆಂದೇ ನಿಲ್ಲಿಸು, ಎರಡನ್ನೂ. ಹಿಂದಿನ ಚಕ್ರಗಳಿಗೆ ಕಲ್ಲು ಕೊಡಲು ಜನ ನಿಲ್ಲಿಸೋಣ. ಆಮೇಲೆ ಹೊರಡಿಸು. ಡೀಸೆಲ್ಲೂ ಹಾಗೇ ಜಾರಬಹುದು, ನಾನು ಬ್ರೋಷರ್ ಓದಿದವಳು ಅಷ್ಟೇ. ಜಾರಿದರೆ, ಮೋರಿ ಮುಗಿಯುವವರೆಗೆ ಭಾರ ಅರ್ಧ ಮಾಡು, ಇಲ್ಲವೇ ಗಣಿಗೆ ಇಳಿಯಲೇಬೇಡ. ಆ ಓಟವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೋ. ಆಮೆ ಎಂದು ಇನ್ನೂ ಹತ್ತು ವರ್ಷ ಕೂಗಲಿ. ಚಾಪೆಯನ್ನು ನಾನೇ ಕೊಂಡು ಕೊಡುತ್ತೇನೆ ಅವರಿಗೆ.

ನೀನು ಒಪ್ಪುವುದಿಲ್ಲವೇನೋ. ಮಾತು ಕೊಟ್ಟಾಗಿದೆ, ಬಣ್ಣವೂ ಆರಿಸಿಯಾಗಿದೆ ಅನ್ನುತ್ತೀಯ. ಹಾಗಾದರೆ ಸರಿ. ಆಫೀಸಿನಲ್ಲಿ ಇವತ್ತೇ ಹೇಳಿದ್ದೇನೆ, ಸೋಮವಾರದಿಂದ ಕುರ್ಚಿಗೆ ಬರುವುದಿಲ್ಲ ಎಂದು. ಮೋರಿ ಮುಗಿಯುವ ತನಕ ಪ್ರತಿ ಟ್ರಿಪ್ಪಿನಲ್ಲೂ ನಾನು ನಿನ್ನ ಪಕ್ಕದ ಸೀಟಿನಲ್ಲಿರುತ್ತೇನೆ. ಬೇಡ ಎಂದು ಬಾಗಿಲು ಹಾಕಿಕೊಂಡರೆ ಹಿಂದೆ ಚಪ್ಪಡಿಗಳ ಮೇಲೆ ಹತ್ತಿ ಕೂರುತ್ತೇನೆ. ಇದು ಬೆದರಿಕೆಯಲ್ಲ ಅಕ್ಕಾ. ಬೆದರಿಸಲು ನನಗೆ ಎಲ್ಲಿ ಬರುತ್ತದೆ? ನೀನು ಮೇಲೆ ಬರುವುದನ್ನು ಕಿಟಕಿಯಲ್ಲಿ ಕಾಯುತ್ತಾ ಕೂರುವುದು ನನ್ನಿಂದ ಆಗದು. ಅಷ್ಟೇ. ಗಾಡಿ ಯಾವುದಾದರೂ ಆಗಲಿ, ನೀನೇ ಆರಿಸು. ಆರಿಸುವಾಗ ನಿನ್ನ ಜೊತೆ ನಾನೂ ಒಳಗೆ ಕೂತಿದ್ದೇನೆ ಎಂದು ಲೆಕ್ಕ ಹಾಕಿ ಆರಿಸು.

ನಿಲ್ಲಬೇಕಾದಲ್ಲಿ ನೀನು ಹೆದರದೆ ನಿಲ್ಲುವಂತಾಗಲಿ, ನಿಂತಲ್ಲಿಂದ ಯಾವತ್ತೂ ಮುಂದಕ್ಕೇ ಹೊರಡುವಂತಾಗಲಿ.

ಇಂತಿ,
ನಿನ್ನ ಎಡಗಡೆ ಸೀಟಿನವಳು,
ತಂಗಿ